ಹಾಲು ತಣ್ಣಗಿಡುವ ಒಲೆ

ನಿಮ್ಮ ಮಲಗುವ ಕೋಣೆಯಲ್ಲಿ, ಮಂಚದಿಂದ ನಾಲ್ಕು ಹೆಜ್ಜೆ ದೂರದಲ್ಲಿ ಗ್ಯಾಸ್ ಒಲೆಯನ್ನು ಸಣ್ಣ ಉರಿಯಲ್ಲಿ ಹಚ್ಚಿಟ್ಟು, ಕಿಟಕಿ ಮುಚ್ಚಿ, ಮಲಗಿ ಅಂದರೆ ಮಲಗ್ತೀರಾ? ಒಂದು ರಾತ್ರಿಯ ಮಾತಲ್ಲ, ವರ್ಷದ ಮುನ್ನೂರ ಅರವತ್ತೈದು ರಾತ್ರಿ. ಹೇಳಿದವನಿಗೆ ತಲೆ ನೆಟ್ಟಗಿಲ್ಲ ಅಂತೀರಿ. ಅದೇ ಉರಿಯ ಮುಂದೆ ಒಂದು ಬಿಳಿ ಬಾಗಿಲು ಕೂಡಿಸಿ, ಬಾಗಿಲ ಹಿಂದೆ ಹಾಲು ಮೊಸರು ಇಟ್ಟು, 'ಫ್ರಿಡ್ಜ್' ಅಂತ ಹೆಸರು ಕೊಟ್ಟರೆ ಮಾತ್ರ ಇಂಗ್ಲೆಂಡಿನ ಕಾಲುವೆಗಳ ಮೇಲೆ ಜನ ನೆಮ್ಮದಿಯಾಗಿ ಗೊರಕೆ ಹೊಡೀತಾರೆ. ಸುಳ್ಳು ಯಾಕೆ ಹೇಳಲಿ, ನಾನೂ ಹೊಡೆದಿದ್ದೇನೆ.

ಲಂಡನ್ನಿನಲ್ಲಿ ಕೆಲಸ ಮಾಡುವ, ನಮ್ಮ ಹಾಸನದ ಕಡೆಯ ಗೆಳೆಯನೊಬ್ಬ ಹಳೇ ನ್ಯಾರೋಬೋಟ್ ಒಂದನ್ನು ಕೊಂಡಿದ್ದ. ಬಾಡಿಗೆ ಕಟ್ಟಿ ಕಟ್ಟಿ ಅವನಿಗೆ ಸಾಕಾಗಿತ್ತು. ಈಗ ಆ ಊರಿನಲ್ಲಿ ದೋಣಿಯಲ್ಲಿ ಸಂಸಾರ ಮಾಡುವವರೆಲ್ಲ ಗಡ್ಡ ಬಿಟ್ಟ ಕವಿಗಳು, ನಿವೃತ್ತ ಮೇಷ್ಟ್ರುಗಳು ಅಂದುಕೊಳ್ಳಬೇಡಿ. ಲ್ಯಾಪ್‌ಟಾಪ್ ಹಿಡಿದು ಬೆಳಿಗ್ಗೆ ಟ್ಯೂಬ್ ಹತ್ತುವವರು, ನಿಮ್ಮ ನನ್ನಂಥವರೇ ಬಹಳ ಜನ. ನ್ಯಾರೋಬೋಟ್ ಅಂದರೆ ಹೆಸರೇ ಹೇಳುವ ಹಾಗೆ ಇಕ್ಕಟ್ಟಿನ ದೋಣಿ. ಅಗಲ ಆರು ಅಡಿ ಹತ್ತು ಇಂಚು. ಹದಿನೆಂಟನೇ ಶತಮಾನದಲ್ಲಿ ಕಟ್ಟಿದ ಲಾಕ್‌ಗಳು, ಅಂದರೆ ದೋಣಿಯನ್ನು ಏರಿಸಿ ಇಳಿಸುವ ನೀರಿನ ಮೆಟ್ಟಿಲುಗಳು, ಏಳು ಅಡಿ ಅಗಲ ಇರುವುದರಿಂದ ಅದಕ್ಕಿಂತ ಅಗಲದ ದೋಣಿ ಅಲ್ಲಿ ತೂರುವುದಿಲ್ಲ. ನಮ್ಮ ರೈಲಿನ ಸ್ಲೀಪರ್ ಬೋಗಿಯೇ ಅದಕ್ಕಿಂತ ವಿಶಾಲ. ಆ ಕೊಳವೆಯಂಥ ಉಕ್ಕಿನ ಪೆಟ್ಟಿಗೆಯಲ್ಲೇ ಹಾಸಿಗೆ, ಅಡುಗೆಮನೆ, ಬಚ್ಚಲು, ಪುಸ್ತಕದ ಕಪಾಟು, ಎಲ್ಲಾ.

ಖಾಯಂ ಕಟ್ಟುವ ಜಾಗ ಇಲ್ಲದ ದೋಣಿ ಒಂದೇ ಕಡೆ 14 ದಿನಕ್ಕಿಂತ ಹೆಚ್ಚು ನಿಲ್ಲಬಾರದು ಅಂತ 1995ರ ಕಾಯಿದೆ ಇದೆ. ಅಂದರೆ ದಡದ ಕರೆಂಟ್ ಸಿಗದು. ಬ್ಯಾಟರಿ, ಸೋಲಾರ್, ಎಂಜಿನ್ ಓಡಿಸಿದಾಗ ತುಂಬುವ ಚಾರ್ಜು, ಇಷ್ಟರಲ್ಲೇ ಬದುಕು. ಇಂಗ್ಲೆಂಡಿನ ಡಿಸೆಂಬರ್‌ನಲ್ಲಿ ಸೋಲಾರ್ ಅಂದರೆ ಆಷಾಢದಲ್ಲಿ ಆಗುಂಬೆಯಲ್ಲಿ ಹಪ್ಪಳ ಒಣಗಿಸಿದ ಹಾಗೆ. ಅದಕ್ಕೇ ಗ್ಯಾಸ್ ಫ್ರಿಡ್ಜ್. ಬ್ಯಾಟರಿ ಬೇಡ, ಮೋಟಾರಿಲ್ಲ, ಸದ್ದಿಲ್ಲ. ದಿನಕ್ಕೆ ಕಾಲು ಕೆ.ಜಿ. ಆಸುಪಾಸು ಗ್ಯಾಸ್ ಸಾಕು. 13 ಕೆ.ಜಿ. ಸಿಲಿಂಡರ್ ಇಟ್ಟರೆ ಒಂದೂವರೆ ತಿಂಗಳು ಯೋಚನೆ ಇಲ್ಲ. "ಸಂತೋಷವಾಗಿದೀನಿ ಗುರು, ಕರೆಂಟ್ ಬಿಲ್ಲೇ ಇಲ್ಲ" ಅಂದ.

ಬೆಂಕಿಯಿಂದ ತಂಪು ಹೇಗೆ ಬರುತ್ತೆ ಅಂತ ನನಗೂ ಅವತ್ತು ಬೆರಗು. 1922ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಓದುತ್ತಿದ್ದ ಬಾಲ್ಟ್‌ಜರ್ ಫಾನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟರ್ಸ್ ಅನ್ನುವ ಇಬ್ಬರು ವಿದ್ಯಾರ್ಥಿಗಳ ಕರಾಮತ್ತು ಇದು. ಅಮೋನಿಯಾ ಬೆರೆತ ನೀರನ್ನು ಕೆಳಗಿನಿಂದ ಸಣ್ಣ ಜ್ವಾಲೆ ಕಾಯಿಸುತ್ತದೆ. ಅಮೋನಿಯಾ ಆವಿಯಾಗಿ ಮೇಲೇರುತ್ತದೆ, ಹಿಂಬದಿಯ ಕೊಳವೆಗಳಲ್ಲಿ ತಣಿದು ದ್ರವವಾಗುತ್ತದೆ. ಆಮೇಲೆ ಹೈಡ್ರೋಜನ್ ತುಂಬಿದ ಕೊಳವೆಯೊಳಗೆ ಮತ್ತೆ ಆವಿಯಾಗುತ್ತಾ ಫ್ರಿಡ್ಜಿನ ಒಳಗಿನ ಶಾಖವನ್ನು ಹೀರಿಕೊಳ್ಳುತ್ತದೆ, ಕೊನೆಗೆ ಪುನಃ ನೀರಿನಲ್ಲಿ ಕರಗಿ ಹೊರಟ ಜಾಗಕ್ಕೆ ವಾಪಸ್. ಎಲೆಕ್ಟ್ರೋಲಕ್ಸ್ ಕಂಪನಿ 1925ರಲ್ಲಿ ಇದನ್ನು ಕೊಂಡುಕೊಂಡು ಜಗತ್ತಿಗೆಲ್ಲ ಮಾರಿತು. ನೂರು ವರ್ಷವಾದರೂ ತತ್ವ ಅದೇ. ಚೆಂದದ ಯಂತ್ರ, ಅದರಲ್ಲಿ ಎರಡು ಮಾತಿಲ್ಲ. ನನ್ನ ಜಗಳ ಯಂತ್ರದ ಮೇಲಲ್ಲ. ಆ ಯಂತ್ರದ ತಳದಲ್ಲಿ, ನೆಲದಿಂದ ಗೇಣುದ್ದ ಮೇಲೆ, ಹಗಲೂ ರಾತ್ರಿ ಒಂದು ಬೆಂಕಿ ಇದೆ ಅನ್ನುವುದನ್ನು ನಿಯಮ ಮಾಡುವವರೂ ದೋಣಿ ಕೊಳ್ಳುವವರೂ ಸೇರಿಕೊಂಡು ಮರೆತಿದ್ದಾರಲ್ಲ, ಅದರ ಮೇಲೆ.

ಬೆಳಿಗ್ಗೆ ಎದ್ದಾಗ ತಲೆ ಸಿಡಿಯುತ್ತಿತ್ತು, ಹೊಟ್ಟೆ ತೊಳಸುತ್ತಿತ್ತು. ಹಿಂದಿನ ರಾತ್ರಿ ಎರಡು ಗ್ಲಾಸ್ ವೈನ್ ಕುಡಿದಿದ್ದೆ, ಅದಕ್ಕೂ ಇರಬಹುದು. ದಡಕ್ಕೆ ಇಳಿದು ಅರ್ಧ ಗಂಟೆ ನಡೆದ ಮೇಲೆ ಸರಿಹೋಯಿತು. ಇವತ್ತಿಗೂ ಅದು ವೈನೋ ಕಾರ್ಬನ್ ಮಾನಾಕ್ಸೈಡೋ ನನಗೆ ಗೊತ್ತಿಲ್ಲ. ಈ ವಿಷದ ಮೋಸವೇ ಅದು: ಬಣ್ಣವಿಲ್ಲ, ವಾಸನೆಯಿಲ್ಲ, ಶುರುವಿನ ಲಕ್ಷಣಗಳೆಲ್ಲ ಫ್ಲೂ ಥರ, ಹ್ಯಾಂಗೋವರ್ ಥರ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲು ಪ್ರೀತಿಯಿಂದ ಇದನ್ನು ಅಪ್ಪಿಕೊಳ್ಳುತ್ತದೆ. ಎಚ್ಚರದಲ್ಲಿದ್ದರೆ ತಲೆನೋವು ಬಂದು ಹೊರಗೆ ಹೋಗ್ತೀರಿ. ನಿದ್ದೆಯಲ್ಲಿದ್ದರೆ ತಲೆನೋವು ಯಾರಿಗೆ ಬರಬೇಕು?

ಕಾಫಿ ಮಾಡುವಾಗ ನೋಡಿದೆ. ಫ್ರಿಡ್ಜಿನ ಮೇಲಿನ ಮರದ ಹಲಗೆಯ ಮೇಲೆ ಅಂಗೈ ಅಗಲದ ಕಂದು ಕಲೆ. "ಇದೇನೋ?" ಅಂದೆ. "ಕೊಂಡಾಗಿಂದ ಇದೆ ಗುರು. ಮೂವತ್ತು ವರ್ಷದಿಂದ ಉರೀತಿದೆಯಂತೆ, ಏನೂ ಆಗಿಲ್ಲ." ಅಲಾರಂ ಎಲ್ಲಿ ಅಂದೆ. ಡ್ರಾಯರ್‌ನಲ್ಲಿತ್ತು. ರಾತ್ರಿ ಎರಡು ಗಂಟೆಗೆ ಕುಯ್ ಕುಯ್ ಅಂತ ಸದ್ದು ಮಾಡ್ತಿತ್ತಂತೆ, ಅದಕ್ಕೆ ಬಿಚ್ಚಿ ಒಳಗಿಟ್ಟಿದ್ದಾನೆ. ಆಯಸ್ಸು ಮುಗಿದ ಅಲಾರಂ ಹಾಗೆ ಕೂಗುತ್ತೆ ಮಾರಾಯ, ಹೊಸದು ತಗೋ ಅಂತ. ಹುಡುಗ ದಡ್ಡನಲ್ಲ. ಬ್ಯಾಂಕಿನ ಸಾಫ್ಟ್‌ವೇರ್‌ನಲ್ಲಿ ತೂತು ಹುಡುಕುವುದೇ ಅವನ ಕೆಲಸ!

ಸರಿಯಾಗಿ ಉರಿಯುವ ಗ್ಯಾಸ್ ನೀಲಿ. ಆಗ ಹುಟ್ಟುವುದು ಹೆಚ್ಚಾಗಿ ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿ. ಬರ್ನರಿಗೆ ಗಾಳಿ ಸಾಲದಿದ್ದರೆ, ಹೊಗೆಕೊಳವೆ ಕಟ್ಟಿದ್ದರೆ ಉರಿ ಹಳದಿಯಾಗುತ್ತದೆ, ಮಸಿ ಕಟ್ಟುತ್ತದೆ, ಕಾರ್ಬನ್ ಮಾನಾಕ್ಸೈಡ್ ಏರುತ್ತದೆ. ನೆಲಮಟ್ಟದ ಬರ್ನರಿಗೆ ಗಾಳಿ ತಪ್ಪಿಸಲು ಏನು ಬೇಕು? ಕಾರ್ಪೆಟ್ಟಿನ ಧೂಳು ಸಾಕು. ನಾಯಿಯ ಕೂದಲು ಸಾಕು. ಒಂದು ಜೇಡ ಕಿರುಬೆರಳಿಗಿಂತ ಸಣ್ಣ ಜಾಗದಲ್ಲಿ ಬಲೆ ಕಟ್ಟಿದರೆ ಸಾಕು. ಫ್ರಿಡ್ಜಿನಲ್ಲಿ ಸುರಕ್ಷತಾ ಸಾಧನ ಇಲ್ಲವೇ ಅಂದರೆ ಇದೆ. ಜ್ವಾಲೆ ಆರಿದರೆ ಗ್ಯಾಸನ್ನು ತಾನೇ ನಿಲ್ಲಿಸುವ ಕವಾಟ. ಜ್ವಾಲೆ ಆರಿದರೆ ಮಾತ್ರ! ಆರದೆ ಕೆಟ್ಟು ಉರಿಯುತ್ತಿದ್ದರೆ ಅದರ ಲೆಕ್ಕದಲ್ಲಿ ಎಲ್ಲಾ ಕ್ಷೇಮ.

ಇನ್ನು ಸೋರಿಕೆ. ಎಲ್‌ಪಿಜಿ ಗಾಳಿಗಿಂತ ಭಾರ, ಪ್ರೊಪೇನ್ ಸುಮಾರು ಒಂದೂವರೆ ಪಟ್ಟು, ಬ್ಯೂಟೇನ್ ಎರಡು ಪಟ್ಟು. ಮನೆಯಲ್ಲಿ ಸೋರಿದರೆ ಬಾಗಿಲ ಸಂದಿಯಲ್ಲಿ ಒಂದಷ್ಟಾದರೂ ಹೊರಗೆ ಹರಿದೀತು. ದೋಣಿಯ ತಳಕ್ಕೆ ಸಂದಿ ಇರುವುದಿಲ್ಲ, ಇದ್ದರೆ ಅದು ದೋಣಿಯೇ ಅಲ್ಲ. ನೀರು ಒಳಗೆ ಬಾರದಂತೆ ಕಟ್ಟಿದ ಪೆಟ್ಟಿಗೆ ಗ್ಯಾಸನ್ನು ಹೊರಗೆ ಬಿಡುವುದಿಲ್ಲ, ಬಾವಿಯಲ್ಲಿ ನೀರು ನಿಂತ ಹಾಗೆ ತಳದಲ್ಲಿ ನಿಲ್ಲುತ್ತದೆ. ಗಾಳಿಯಲ್ಲಿ ನೂರಕ್ಕೆ ಎರಡು ಪಾಲು ಸೇರಿದರೆ ಹೊತ್ತಿಕೊಳ್ಳಲು ತಯಾರು. ಹೊತ್ತಿಸಲು ಕಿಡಿ ಎಲ್ಲಿ? ಗೇಣುದ್ದ ಮೇಲೆ ಉರೀತಾ ಕೂತಿದೆಯಲ್ಲ.

ಇದೆಲ್ಲ ಅಲ್ಲಿನ ಅಧಿಕಾರಿಗಳಿಗೆ ಗೊತ್ತಿಲ್ಲವೇ? ಬಹಳ ಚೆನ್ನಾಗಿ ಗೊತ್ತು. ಅದಕ್ಕೇ ಸಿಟ್ಟು ಬರೋದು. ಸಿಲಿಂಡರ್ ಇಡುವ ಪೆಟ್ಟಿಗೆಯ ಬಗ್ಗೆ ಅವರ ನಿಯಮ ಓದಿ, ಕೈ ಮುಗಿಯಬೇಕು ಅನಿಸುತ್ತೆ. ಆ ಪೆಟ್ಟಿಗೆಯಿಂದ ದೋಣಿಯ ಒಳಗೆ ಹನಿಯಷ್ಟೂ ಗ್ಯಾಸ್ ಇಳಿಯಬಾರದು. ಪೆಟ್ಟಿಗೆಯ ತಳದಲ್ಲಿ ತೂತು ಇರಬೇಕು, ಆ ತೂತು ನೇರ ದೋಣಿಯ ಹೊರಕ್ಕೆ, ನೀರಿನ ಮಟ್ಟಕ್ಕಿಂತ ಮೇಲೆ ತೆರೆಯಬೇಕು. ಸೋರಿದ್ದು ತನ್ನ ಭಾರಕ್ಕೆ ತಾನೇ ಹರಿದು ಕಾಲುವೆಗೆ ಹೋಗಬೇಕು. ಪೆಟ್ಟಿಗೆಯೊಳಗೆ ಗುಳ್ಳೆ ನೋಡುವ ಒಂದು ಪುಟ್ಟ ಸಾಧನ ಹಾಕಿಸಿಕೊಂಡರೆ ಇನ್ನೂ ಒಳ್ಳೆಯದು. ಒಳಗಿನ ಒಲೆಗಳನ್ನೆಲ್ಲ ಆರಿಸಿ ಗುಂಡಿ ಒತ್ತಿ, ಗುಳ್ಳೆ ಬಂದರೆ ಎಲ್ಲೋ ಸೋರುತ್ತಿದೆ. ಹಳ್ಳಿಯ ಸೈಕಲ್ ಶಾಪಿನವನು ಟ್ಯೂಬನ್ನು ನೀರಲ್ಲಿ ಮುಳುಗಿಸಿ ಪಂಕ್ಚರ್ ಹುಡುಕುವ ಅದೇ ಬುದ್ಧಿ. ಇಷ್ಟು ತಿಳಿವಳಿಕೆ ಇರುವ ವ್ಯವಸ್ಥೆ, ಗ್ಯಾಸು ಪೈಪಿನಲ್ಲಿ ಮೂವತ್ತು ಅಡಿ ಹರಿದು ಫ್ರಿಡ್ಜಿನ ತಳಕ್ಕೆ ಬಂದು ಬೆಂಕಿಯಾಗುವ ಹೊತ್ತಿಗೆ ಯಾಕೆ ತಡವರಿಸುತ್ತೆ?

ಯಾಕೆಂದರೆ ಅಲ್ಲಿ ಒಂದೇ ಜ್ವಾಲೆಗೆ ಮೂರು ಜಾತಿ ಇದೆ. ಹೊಸದಾಗಿ ಕಟ್ಟಿ ಮಾರುವ ದೋಣಿಗೆ ಅನ್ವಯಿಸುವ ಐಎಸ್‌ಒ 10239 ಮಾನದಂಡದ ಪ್ರಕಾರ, ಅಡುಗೆ ಒಲೆ ಬಿಟ್ಟು ಉಳಿದ ಗ್ಯಾಸ್ ಉಪಕರಣಗಳೆಲ್ಲ 'ರೂಮ್ ಸೀಲ್ಡ್' ಆಗಿರಬೇಕು. ಅಂದರೆ ಉರಿಯಲು ಬೇಕಾದ ಗಾಳಿಯನ್ನು ಹೊರಗಿನಿಂದಲೇ ತಂದುಕೊಂಡು, ಹೊಗೆಯನ್ನು ಹೊರಕ್ಕೇ ಬಿಡಬೇಕು, ನೀವು ಉಸಿರಾಡುವ ಗಾಳಿಗೂ ಆ ಬೆಂಕಿಗೂ ಸಂಬಂಧವೇ ಇರಕೂಡದು. ಬಹಳ ಸರಿ. ಎರಡನೆಯದು, ಬಾಡಿಗೆಗೆ ಬಿಡುವ ದೋಣಿ ಮತ್ತು ಜನ ಖಾಯಂ ವಾಸ ಮಾಡುವ ದೋಣಿ. ಇವಕ್ಕೆ 1998ರ ಗ್ಯಾಸ್ ಸುರಕ್ಷತಾ ನಿಯಮಾವಳಿ ಅನ್ವಯ. 'ಗ್ಯಾಸ್ ಸೇಫ್' ನೋಂದಣಿ ಇರುವ ಮೆಕ್ಯಾನಿಕ್ ಬಿಟ್ಟು ಬೇರೆಯವರು ಕೈ ಹಾಕುವಂತಿಲ್ಲ. ಇದೂ ಸರಿ. ಮೂರನೆಯದು ಸ್ವಂತ ದೋಣಿ, ವಾರಾಂತ್ಯದ ಮೋಜಿನದು. ಇದಕ್ಕೆ ಆ ನಿಯಮಾವಳಿ ಇಲ್ಲ. ಮಾಲೀಕ ಸ್ಪ್ಯಾನರ್ ಹಿಡಿದು, ಸಂತೆಯಲ್ಲಿ ಕೊಂಡ ಹಳೇ ಫ್ರಿಡ್ಜನ್ನು ಭಾನುವಾರ ಮಧ್ಯಾಹ್ನ ತಾನೇ ಕೂರಿಸಬಹುದು. ತಾನೇ ಕಟ್ಟಿಕೊಂಡ ದೋಣಿಯಾದರಂತೂ, ಐದು ವರ್ಷ ಮಾರದೆ ಇಟ್ಟುಕೊಂಡರೆ, ಹೊಸ ದೋಣಿಯ ನಿಯಮದಿಂದಲೂ ವಿನಾಯಿತಿ.

ಫ್ರಿಡ್ಜಿಗೆ ಗೊತ್ತಾ ಇವತ್ತು ಶನಿವಾರ, ಈತ ಮೋಜಿಗೆ ಬಂದವನು, ಬಾಡಿಗೆಯವನಲ್ಲ ಅಂತ? ನನ್ನ ಗೆಳೆಯನ ಕಥೆ ಕೇಳಿ. ಅವನು ಅದರಲ್ಲೇ ವಾಸ, ಹಾಗಾಗಿ ಎರಡನೇ ಜಾತಿಯವನು. ಆದರೆ ಬಾಗಿಲು ತಟ್ಟಿ "ನೀವು ಇಲ್ಲಿ ವಾಸ ಮಾಡ್ತೀರಾ, ಸುಮ್ಮನೆ ಬಂದಿದೀರಾ?" ಅಂತ ಕೇಳಲು ಯಾರೂ ಬರಲಿಲ್ಲ. ನನ್ನ ಕಾಟಕ್ಕೆ ಒಂದು ದಿನ ವಿಡಿಯೋ ನೋಡಿಕೊಂಡು ಹಲ್ಲುಜ್ಜುವ ಹಳೇ ಬ್ರಷ್‌ನಿಂದ ಬರ್ನರ್ ಉಜ್ಜಿದ. ಆಮೇಲೆ ಫೋಟೋ ಕಳಿಸಿದ, ನೀಲಿ ಉರಿ, ಪಕ್ಕದಲ್ಲಿ ಹೆಬ್ಬೆರಳು.

ನಾಲ್ಕು ವರ್ಷಕ್ಕೊಮ್ಮೆ ಪರೀಕ್ಷೆ ಇದೆಯಲ್ಲ ಅಂತ ಕೇಳ್ತೀರಿ. ಇದೆ. 'ಬೋಟ್ ಸೇಫ್ಟಿ ಸ್ಕೀಮ್' ಅಂತ. ಅದರ ಪ್ರಮಾಣಪತ್ರ ಇಲ್ಲದೆ ಕೆನಾಲ್ ಅಂಡ್ ರಿವರ್ ಟ್ರಸ್ಟ್ ಲೈಸೆನ್ಸ್ ಕೊಡುವುದಿಲ್ಲ. ಸುಮಾರು 2,000 ಮೈಲಿ ಜಲಮಾರ್ಗ ನೋಡಿಕೊಳ್ಳುವ ಸಂಸ್ಥೆ ಅದು. ಆ ಪರೀಕ್ಷೆಯಿಂದ ಜೀವಗಳು ಉಳಿದಿವೆ, ಅನುಮಾನವಿಲ್ಲ. ಆದರೆ ಅದರ ಅಡಿಪಾಯದಲ್ಲೇ ಒಂದು ವಿಚಿತ್ರ ತತ್ವ ಕೂತಿದೆ. ಖಾಸಗಿ ದೋಣಿಯ ವಿಷಯದಲ್ಲಿ ಕಡ್ಡಾಯ ಅನ್ನುವ ಮಾತು ಮುಖ್ಯವಾಗಿ ಇರುವುದು 'ಮೂರನೆಯವರಿಗೆ' ಅಪಾಯ ಆಗುವ ಕಡೆ. ಪಕ್ಕದ ದೋಣಿ, ದಡದಲ್ಲಿ ನಡೆಯುವವರು, ಅಂಥವರಿಗೆ. ಒಳಗಿರುವವನಿಗೆ ಮಾತ್ರ ಅಪಾಯವಾದರೆ ಅದು ಅವನ ಪಾಡು, ಅದಕ್ಕೆ 'ಸಲಹೆ' ಸಾಕು. ಈ ಲೆಕ್ಕದಲ್ಲಿ ಖಾಸಗಿ ದೋಣಿಯ ಗಾಳಿಕಿಂಡಿ ಬಂದು ಬಿದ್ದಿರುವುದು ಸಲಹೆಯ ಪಟ್ಟಿಗೆ. ಪರೀಕ್ಷಕ ಅಳತೆ ಮಾಡುತ್ತಾನೆ, ಕಡಿಮೆ ಇದೆ ಅಂತ ಬರೆಯುತ್ತಾನೆ, ಪಾಸ್ ಮಾಡಿ ಹೋಗುತ್ತಾನೆ.

ಪೆಟ್ರೋಲ್ ಎಂಜಿನ್ ಇರುವ ದೋಣಿಯಲ್ಲಿ ನೋಡಿ, ಸದಾ ಉರಿಯುವ ಜ್ವಾಲೆ ಕ್ಯಾಬಿನ್ನಿನ ಗಾಳಿಗೆ ತೆರೆದುಕೊಂಡಿರಕೂಡದು ಅನ್ನುವ ಕಡಕ್ ನಿಯಮ ಇದೆ. ಯಾಕೆ? ಪೆಟ್ರೋಲ್ ಆವಿ ಹೊತ್ತಿಕೊಂಡರೆ ಢಮಾರ್ ಅನ್ನುತ್ತೆ, ಪಕ್ಕದವರ ಕಿಟಕಿ ಒಡೆಯುತ್ತೆ. ಸದ್ದು ಮಾಡಿ ಕೊಲ್ಲುವ ಬೆಂಕಿಗೆ ಕಾನೂನು, ಸದ್ದಿಲ್ಲದೆ ಕೊಲ್ಲುವ ಬೆಂಕಿಗೆ ಕಿವಿಮಾತು! ಡೀಸೆಲ್ ದೋಣಿಯಲ್ಲಿ ಅದೇ ಫ್ರಿಡ್ಜ್, ಅದೇ ಉರಿ, ಪರವಾಗಿಲ್ಲವಂತೆ.

ಗಾಳಿಕಿಂಡಿಯ ಲೆಕ್ಕಕ್ಕೆ ಒಂದು ಸೂತ್ರವೇ ಇದೆ. ಹೊಗೆಕೊಳವೆ ಇಲ್ಲದ ಉಪಕರಣದ ಪ್ರತಿ ಕಿಲೋವ್ಯಾಟಿಗೆ 2200 ಚದರ ಮಿಲಿಮೀಟರ್, ಹೊಗೆಕೊಳವೆ ಇದ್ದರೆ 440, ಪ್ರತಿ ಮನುಷ್ಯನಿಗೆ 650. ಫ್ರಿಡ್ಜಿನ ಜ್ವಾಲೆ ಒಂದು ಕಿಲೋವ್ಯಾಟಿನ ಐದನೇ ಒಂದು ಭಾಗವೂ ಇರುವುದು ಕಷ್ಟ. ಹಾಗಾಗಿ ಸೂತ್ರದಲ್ಲಿ ಅದು ನೊಣದಷ್ಟು ಹಗುರ. ಕಾಲುವೆಯ ಪಂಡಿತರು ಇದನ್ನೇ ಎತ್ತಿ ಹೇಳುತ್ತಾರೆ: "ಅಡುಗೆ ಒಲೆ ಇದರ ನಲವತ್ತು ಪಟ್ಟು ಉರಿಯುತ್ತೆ, ಅದಕ್ಕಿಲ್ಲದ ರಗಳೆ ಇದಕ್ಕ್ಯಾಕೆ?" ಸ್ವಾಮಿ, ಅಡುಗೆ ಒಲೆಯ ಮುಂದೆ ನೀವು ನಿಂತಿರುತ್ತೀರಿ. ಉರಿ ಹಳದಿಯಾದರೆ ಕಣ್ಣಿಗೆ ಬೀಳುತ್ತೆ. ಅಡುಗೆ ಮುಗಿದರೆ ಆರಿಸುತ್ತೀರಿ. ಫ್ರಿಡ್ಜಿನ ಉರಿಯನ್ನು ನೋಡಬೇಕಾದರೆ ನೆಲಕ್ಕೆ ಕೆನ್ನೆ ಒತ್ತಿ ಮಲಗಬೇಕು. ಗೆಳೆಯ ಮೂರು ವರ್ಷದಲ್ಲಿ ಎಷ್ಟು ಸಲ ನೋಡಿದ್ದಾನೆ ಅಂತ ಕೇಳಿದೆ. ಹಚ್ಚಿದ ದಿನ ಒಂದು ಸಲ. ಕಿಲೋವ್ಯಾಟ್ ಅಳೆಯುವ ಸೂತ್ರಕ್ಕೆ ಗಂಟೆ ಅಳೆಯಲು ಬರುವುದಿಲ್ಲ, ನಿದ್ದೆ ಅಳೆಯಲಂತೂ ಬರುವುದೇ ಇಲ್ಲ.

'ನನ್ನ ದೋಣಿ, ನನ್ನ ಜೀವ' ಅನ್ನುವ ವಾದಕ್ಕೆ ಬರೋಣ. ಕಾಲುವೆಯ ಜನ ಇದನ್ನು ದೊಡ್ಡ ಸ್ವಾತಂತ್ರ್ಯದ ಮಾತಿನ ಹಾಗೆ ಆಡುತ್ತಾರೆ, ಸರ್ಕಾರ ನಮ್ಮ ಕ್ಯಾಬಿನ್ನಿಗೆ ಮೂಗು ತೂರಿಸಬಾರದು ಅಂತ. ಅವರದೇ ಇತಿಹಾಸ ಏನು ಹೇಳುತ್ತೆ? ಕುದುರೆ ಎಳೆಯುವ ದೋಣಿಗಳ ಕಾಲದಲ್ಲಿ ಕಲ್ಲಿದ್ದಲು, ಕುಂಬಾರಿಕೆ ಮಣ್ಣು ಸಾಗಿಸುವ ಸಂಸಾರಗಳು ಹಿಂಬದಿಯ ಹತ್ತಡಿ ಕ್ಯಾಬಿನ್ನಿನಲ್ಲಿ ಗಂಡ, ಹೆಂಡತಿ, ಐದಾರು ಮಕ್ಕಳು ಅಂತ ತುಂಬಿಕೊಂಡಿದ್ದವು. ಕೋಲ್‌ವಿಲ್‌ನ ಜಾರ್ಜ್ ಸ್ಮಿತ್ ಅನ್ನುವ ಮನುಷ್ಯ ಹಠ ಹಿಡಿದು ಗಲಾಟೆ ಮಾಡಿ, 1877ರಲ್ಲಿ ಪಾರ್ಲಿಮೆಂಟ್ ಕಾಲುವೆ ದೋಣಿಗಳ ಕಾಯಿದೆ ತಂದಿತು. ದೋಣಿ ವಾಸಕ್ಕೆ ನೋಂದಣಿ ಬೇಕು. ಒಳಗಿನ ಜಾಗ, ಗಾಳಿಯಾಡುವಿಕೆ ನೋಡಿ ಎಷ್ಟು ಜನ ಮಲಗಬಹುದು ಅಂತ ಅಧಿಕಾರಿ ಗೊತ್ತು ಮಾಡಬೇಕು. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಬಡವರ ಕ್ಯಾಬಿನ್ನಿನ ಗಾಳಿ ಕಾನೂನಿನ ವಿಷಯವಾಗಿತ್ತು. ಈಗ ಸೋಲಾರ್ ಪ್ಯಾನಲ್, ವೈಫೈ ಹಾಕಿಕೊಂಡ ಕ್ಯಾಬಿನ್ನಿನ ಗಾಳಿ ಸಲಹೆಯ ವಿಷಯ.

ಅದೂ ಅಲ್ಲದೆ, 'ನನ್ನ ಜೀವ' ಅಂದರೆ ಯಾರ ಜೀವ? ಅವತ್ತು ರಾತ್ರಿ ಆ ದೋಣಿಯಲ್ಲಿ ಮಲಗಿದ್ದ ನಾನು ಯಾವ ಅಪಾಯಕ್ಕೂ ಸಹಿ ಹಾಕಿರಲಿಲ್ಲ. ನನಗೆ ಹಾಸಿಗೆ ಬಿಟ್ಟುಕೊಟ್ಟು ಅವನು ಬೆಂಚಿನ ಮೇಲೆ ಮಲಗಿದ್ದ ಅನ್ನುವುದೂ ನಿಜ. ಹಾಸಿಗೆ ಇದ್ದದ್ದು ಫ್ರಿಡ್ಜಿನ ಪಕ್ಕ. ವಾರಾಂತ್ಯಕ್ಕೆ ಬರುವ ಅಪ್ಪ ಅಮ್ಮ, ಪ್ರೇಯಸಿ, ಅವಳ ಏಳು ವರ್ಷದ ಮಗ, ಇವರೆಲ್ಲ ಎಷ್ಟನೆಯವರು? ಸ್ವಾತಂತ್ರ್ಯ ಇರುವುದು ಸ್ಪ್ಯಾನರ್ ಹಿಡಿದವನಿಗೆ. ಉಸಿರಾಡುವುದು ಎಲ್ಲರೂ.

ನ್ಯಾಯವಾಗಿ ಒಂದು ಮಾತು ಒಪ್ಪುತ್ತೇನೆ. 2019ರ ಏಪ್ರಿಲ್‌ನಿಂದ ಖಾಸಗಿ ದೋಣಿಗಳಲ್ಲೂ ಕಾರ್ಬನ್ ಮಾನಾಕ್ಸೈಡ್ ಅಲಾರಂ ಕಡ್ಡಾಯ ಮಾಡಿದರು. ಅದಕ್ಕೆ ಮುಂಚೆ ಸಾವುಗಳಾಗಿದ್ದವು. 2013ರಲ್ಲಿ ವಿಂಡರ್‌ಮಿಯರ್ ಸರೋವರದ ದೋಣಿಯೊಂದರಲ್ಲಿ ಜನರೇಟರಿನ ಹೊಗೆ ಕ್ಯಾಬಿನ್ನಿಗೆ ನುಗ್ಗಿ ತಾಯಿ ಮಗಳು ಸತ್ತರು. ಕಡ್ಡಾಯವಾದ ಮೇಲೂ, ಅದೇ 2019ರ ಡಿಸೆಂಬರ್‌ನಲ್ಲಿ ಯಾರ್ಕ್ ಊರಿನಲ್ಲಿ ಕಟ್ಟಿದ್ದ ದೋಣಿಯಲ್ಲಿ ಹೀಟರಿನ ಹೊಗೆಕೊಳವೆ ಕಳಚಿ ಇಬ್ಬರು ಹೋದರು. "ಇದರಲ್ಲಿ ಒಂದೂ ಫ್ರಿಡ್ಜ್ ಅಲ್ಲವಲ್ಲ?" ಅಂತ ಪಂಡಿತರು ಕೇಳುತ್ತಾರೆ. ನಿಜ, ಅಲ್ಲ. ಫ್ರಿಡ್ಜ್ ಕೊಲ್ಲುತ್ತದೆಯೇ ಅನ್ನುವವರು ಅಮೆರಿಕಕ್ಕೆ ಹೋಗಬೇಕು. ಅಲ್ಲಿ ಸರ್ವೆಲ್ ಅನ್ನುವ ಕಂಪನಿ ಇದೇ ಸ್ವೀಡನ್ ಹುಡುಗರ ತತ್ವದ ಗ್ಯಾಸ್ ಫ್ರಿಡ್ಜ್‌ಗಳನ್ನು ತಯಾರಿಸುತ್ತಿತ್ತು. 1933ರಿಂದ 1957ರವರೆಗೆ ತಯಾರಾದವು ಕಾಡಿನ ಕ್ಯಾಬಿನ್‌ಗಳಲ್ಲಿ, ಕರೆಂಟ್ ಇಲ್ಲದ ಬೇಸಿಗೆ ಮನೆಗಳಲ್ಲಿ ದಶಕಗಟ್ಟಲೆ ಓಡಿದವು, ಏನೂ ಆಗದೆ. ಆಮೇಲೆ ಆಗತೊಡಗಿತು. ಧೂಳು ಕಟ್ಟಿದ ಬರ್ನರ್‌ಗಳ ಮುಂದೆ ಮಲಗಿದ ಜನ ಸತ್ತರು. ಕೊನೆಗೆ ಅಲ್ಲಿನ ಗ್ರಾಹಕ ಸುರಕ್ಷತಾ ಆಯೋಗವೇ ಎಚ್ಚರಿಕೆ ಹೊರಡಿಸಿ, ಆ ಫ್ರಿಡ್ಜನ್ನು ನಿಲ್ಲಿಸಿ ವಿಲೇವಾರಿ ಮಾಡಿದವರಿಗೆ ನೂರು ಡಾಲರ್ ಕೊಡುವ ವ್ಯವಸ್ಥೆ ಆಯಿತು. "ಮೂವತ್ತು ವರ್ಷದಿಂದ ಏನೂ ಆಗಿಲ್ಲ" ಅನ್ನುವುದು ಸುರಕ್ಷತೆಯ ಪುರಾವೆ ಹೇಗಾಗುತ್ತೆ? ಅದು ಬರ್ನರಿನ ವಯಸ್ಸು ಅಷ್ಟೇ.

ಇದನ್ನೆಲ್ಲ ಬೆಂಗಳೂರಿನಲ್ಲಿ ಕೂತು ಓದುತ್ತಾ, ಬಿಳಿಯರ ದೋಣಿ ರಾಮಾಯಣ ನಮಗ್ಯಾಕೆ ಅನ್ನುವವರು ಒಮ್ಮೆ ಎದ್ದು ನಿಮ್ಮ ಬಚ್ಚಲಮನೆಗೆ ಹೋಗಿ ಬನ್ನಿ. ಗೋಡೆಯ ಮೇಲೆ ಗ್ಯಾಸ್ ಗೀಸರ್ ಇದೆಯಾ? ಕಿಟಕಿಗೆ ಚಳಿ ಬರುತ್ತೆ ಅಂತ ರಟ್ಟು ಮುಚ್ಚಿದೀರಾ? ನಮ್ಮ ಪತ್ರಿಕೆಗಳ ಒಳಪುಟಗಳಲ್ಲಿ ಚಳಿಗಾಲ ಬಂದರೆ ಕಾಣುವ 'ಸ್ನಾನಕ್ಕೆ ಹೋದವರು ಹೊರಬರಲಿಲ್ಲ' ಅನ್ನುವ ಸುದ್ದಿಯ ಹಿಂದೆ ಇರುವುದು ಇದೇ ಗ್ಯಾಸು, ಇದೇ ಮುಚ್ಚಿದ ಪೆಟ್ಟಿಗೆ, ಇದೇ ತೆರೆದ ಬೆಂಕಿ. ವ್ಯತ್ಯಾಸ ಇಷ್ಟೇ, ಅಲ್ಲಿ ಸಲಹೆ ಕೊಡುವುದಕ್ಕಾದರೂ ಒಬ್ಬ ಪರೀಕ್ಷಕ ಬರುತ್ತಾನೆ.

ಖರ್ಚಿನ ವಾದವನ್ನು ಮಾತ್ರ ನಾನು ಹಗುರವಾಗಿ ತಳ್ಳಿಹಾಕಲಾರೆ. ದೋಣಿಗೆ ಹೋಗುವವರಲ್ಲಿ ಬಹಳ ಜನ ಮನೆ ಕೊಳ್ಳಲಾಗದೆ ಹೋದವರು. 12 ವೋಲ್ಟಿನ ಕಂಪ್ರೆಸರ್ ಫ್ರಿಡ್ಜ್ ಅಂದರೆ ಫ್ರಿಡ್ಜ್ ಒಂದೇ ಅಲ್ಲ, ಜೊತೆಗೆ ದೊಡ್ಡ ಬ್ಯಾಟರಿ, ಹೆಚ್ಚು ಸೋಲಾರ್, ದಪ್ಪ ವೈರು. ದೋಣಿ ಗ್ಯಾಸಿನ ಅರ್ಹತೆ ಇರುವ ಮೆಕ್ಯಾನಿಕ್ ಸಿಗುವುದೇ ದುರ್ಲಭ. ಸಿಕ್ಕವನು ಹಳೇ ಫ್ರಿಡ್ಜ್ ನೋಡಿ, ತಯಾರಕರ ಸೂಚನೆಯಲ್ಲಿ ದೋಣಿ ಅಂತ ಇಲ್ಲ, ನಾನು ಮುಟ್ಟಲ್ಲ ಅಂತ ಹೊರಟುಬಿಡಬಹುದು. ಆಗ ಮಾಲೀಕನಿಗೆ ಉಳಿಯುವುದು ಹಲ್ಲಿನ ಬ್ರಷ್ಷೇ. ಕಾನೂನನ್ನು ಕಟ್ಟುನಿಟ್ಟು ಮಾಡಿ ದಾರಿ ತೋರಿಸದಿದ್ದರೆ ಜನ ಕತ್ತಲಲ್ಲಿ ರಿಪೇರಿ ಮಾಡಿಕೊಳ್ಳುತ್ತಾರೆ, ಅದು ಇನ್ನೂ ಕೆಟ್ಟದ್ದು.

ಆದರೂ ಕೆಲವು ಕೆಲಸಕ್ಕೆ ದುಡ್ಡೇ ಬೇಡ. ಗಾಳಿಕಿಂಡಿಯನ್ನು ಸಲಹೆಯ ಪಟ್ಟಿಯಿಂದ ಕಡ್ಡಾಯದ ಪಟ್ಟಿಗೆ ದಾಟಿಸಲು ಒಂದು ಸುತ್ತೋಲೆ ಸಾಕು. ಬಾಗಿಲಲ್ಲಿ ಎರಡು ತೂತು ಕೊರೆಯಲು ಯಾರೂ ದಿವಾಳಿ ಆಗುವುದಿಲ್ಲ. ವಾಸದ ದೋಣಿ, ಮೋಜಿನ ದೋಣಿ ಅನ್ನುವ ಪಂಕ್ತಿಭೇದ ತೆಗೆದು, ಯಾರಾದರೂ ಒಂದು ರಾತ್ರಿ ಮಲಗುವ ಯಾವುದೇ ದೋಣಿಯ ಗ್ಯಾಸಿಗೆ ಒಂದೇ ನಿಯಮ ಮಾಡಬೇಕು. ಕ್ಯಾಬಿನ್ ಗಾಳಿಯಲ್ಲಿ ಉರಿಯುವ ಫ್ರಿಡ್ಜ್‌ಗಳಿಗೆ ಒಂದು ಕೊನೇ ದಿನಾಂಕ ಗೊತ್ತು ಮಾಡಬೇಕು, ನಾಳೆಯೇ ಅಲ್ಲ, ಹತ್ತು ವರ್ಷ ಕೊಡಲಿ. ಅಲ್ಲಿಯವರೆಗೆ ದೋಣಿ ಕೈ ಬದಲಾದಾಗಲಾದರೂ ಫ್ರಿಡ್ಜ್ ಕಿತ್ತು, ಬರ್ನರ್ ಬಿಚ್ಚಿ, ಹೊಗೆ ಅಳೆದು ನೋಡಿ ಕಾಗದ ಕೊಟ್ಟ ಮೇಲೆ ಮಾರಾಟ ಆಗಬೇಕು. ಯಾಕೆಂದರೆ ಅಪಾಯವನ್ನು ಆರಿಸಿಕೊಂಡವನು ಮೊದಲನೇ ಮಾಲೀಕ. ಎರಡನೆಯವನು ಕೊಳ್ಳುವುದು ಬಣ್ಣ ಹೊಡೆದ ದೋಣಿಯನ್ನು.

ಇದನ್ನು ಸುಮ್ಮನೆ ಹೇಳುತ್ತಿಲ್ಲ. ಗೆಳೆಯನಿಗೆ ಮದುವೆ ಗೊತ್ತಾಯಿತು. ಹುಡುಗಿಗೆ ದೋಣಿ ಆಗಿ ಬರಲ್ಲ ಅಂತ ಮನೆ ಹಿಡಿದ, ದೋಣಿ ಮಾರಲು ಇಟ್ಟ. ಜಾಹೀರಾತಿನ ಕೊಂಡಿ ನನಗೂ ಕಳಿಸಿದ. ಒಳಗಿನ ಚಿತ್ರಗಳು ಚೆನ್ನಾಗಿ ಬಂದಿದ್ದವು. 'ಗ್ಯಾಸ್ ಫ್ರಿಡ್ಜ್, ಒಳ್ಳೆಯ ಸ್ಥಿತಿಯಲ್ಲಿದೆ' ಅಂತ ಬರೆದಿದ್ದ. ಹದಿನೈದು ದಿನದಲ್ಲಿ ಮಾರಾಟ ಆಯಿತು. ಕೊಂಡವರು ಗಂಡ ಹೆಂಡತಿ, ಕೈಕೂಸು ಇದೆಯಂತೆ, ಬಾಡಿಗೆ ಕಟ್ಟಿ ಸಾಕಾಗಿ ಬಂದವರು. ಫೋನ್ ಮಾಡಿ ಕೇಳಿದೆ, "ಫ್ರಿಡ್ಜ್ ಮೇಲಿನ ಆ ಕಂದು ಕಲೆ ಅವರಿಗೆ ತೋರಿಸಿದ್ಯೇನೋ?"

"ಅದೆಲ್ಲಿದೆ ಗುರು ಈಗ," ಅಂದ, "ಮಾರೋಕೆ ಮುಂಚೆ ಪೇಂಟ್ ಹೊಡೆಸಿದೆನಲ್ಲ."